ಅಪ್‌ಡೇಟ್: ಡಿಟೆಕ್ಟರ್ ಗಲಾಟೆ ನಿಂತಿತು, ಚಿನ್ನವೂ ಸಿಕ್ಕಿತು

ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ, ಆ ಒಣ ಕೆಂಪು ನೆಲದಲ್ಲಿ ಚಿನ್ನ ಹುಡುಕೋ ಮೆಟಲ್ ಡಿಟೆಕ್ಟರ್ ಎಲ್ಲಿಟ್ಟರೂ ಕೂಗುತ್ತೆ, ಏನು ಮಾಡಲಿ ಅಂತ ಇಲ್ಲಿ ಪ್ರಶ್ನೆ ಹಾಕಿದ್ದೆನಲ್ಲ. ಈಗ ಹಾಸನಕ್ಕೆ ವಾಪಸ್ ಬಂದು ಬರೀತಿದ್ದೀನಿ.

ಕೆಲಸಕ್ಕೆ ಬಂದಿದ್ದು ಇಲ್ಲಿ ಉತ್ತರ ಕೊಟ್ಟ ಅರಸೀಕೆರೆಯ ಅಣ್ಣ ಹೇಳಿದ್ದು: ಕೂಗೋದು ಕಬ್ಬಿಣದಂಶದ ಕಲ್ಲು, ಜಾಗ ಬದಲಾದಾಗೆಲ್ಲ ಗ್ರೌಂಡ್ ಬ್ಯಾಲೆನ್ಸ್ ಮಾಡಿ (ಅಂದ್ರೆ ಆ ಮಣ್ಣಿಗೆ ಕೂಗದ ಹಾಗೆ ಡಿಟೆಕ್ಟರ್ ಹೊಂದಿಸಿ), ಕಾಯಿಲ್ (ಡಿಟೆಕ್ಟರಿನ ತುದಿಯ ತಟ್ಟೆ) ನೆಲಕ್ಕೆ ಹತ್ತಿರ ಹಿಡಿದು ನಿಧಾನಕ್ಕೆ ಆಡಿಸಿ. ಗಲಾಟೆ ಇಳೀತು. ಒಣ ಹಳ್ಳದ ತಿರುವಿನಲ್ಲಿ ಸಣ್ಣ ಸದ್ದು, ಅಗೆದಷ್ಟೂ ಜೋರಾಯ್ತು. ಮಣ್ಣನ್ನ ಹಿಡಿಹಿಡಿಯಾಗಿ ಪ್ಲಾಸ್ಟಿಕ್ ಸ್ಕೂಪಲ್ಲಿ ತೆಗೆದು ಕಾಯಿಲ್ ಮೇಲೆ ಆಡಿಸ್ತಾ ಹೋದೆ. ಕೊನೆಗೆ ಕೆಂಪು ಮಣ್ಣು ಮೆತ್ತಿದ ಚೂರು, ಅರ್ಧ ಗ್ರಾಮಿಗೂ ಕಮ್ಮಿ. ಎಷ್ಟು ಖುಷಿಯಾಯ್ತು ಅಂತೀರಿ!

ಸೆನ್ಸಿಟಿವಿಟಿ ಪೂರ್ತಿ ಇಳಿಸೋ ಸಲಹೆ ಆಗಲಿಲ್ಲ. ಪರೀಕ್ಷೆಗೆ ಹೂತಿಟ್ಟ ಸೀಸದ ಗುಂಡನ್ನೂ ಅದು ಹಿಡೀಲಿಲ್ಲ. ಸೂಜಿ ಚುಚ್ಚಿ ನೋಡಿ ಅಂದ ಅಕ್ಕಸಾಲಿಗರಿಗೆ ಧನ್ಯವಾದ: ಚಿನ್ನ ತಗ್ಗಾಗುತ್ತೆ, ಚಿನ್ನದ ಹಾಗೆ ಹೊಳೆಯೋ ಪೈರೈಟ್ ಕಲ್ಲು ಪುಡಿಯಾಗುತ್ತೆ.

ನನಗೆ ಅಚ್ಚರಿ ಅನ್ನಿಸಿದ್ದು ಇದು. ನೀರಿಲ್ಲದ ಕಾರಣ ಹಿಂದಿನವರು ಅಲ್ಲಿ ಮಣ್ಣನ್ನ ನಮ್ಮಲ್ಲಿ ರಾಗಿ ತೂರೋ ಹಾಗೆ ಗಾಳಿಗೆ ತೂರ್ತಿದ್ದರಂತೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಅದಕ್ಕೇ ಧೂಳು ಹಾರಿ ಅದು ಉಳಿಯುತ್ತೆ.

ಹೋಗೋರು ಮೊದಲು ಅಲ್ಲಿನ ಸರ್ಕಾರದ ಮೈನರ್ಸ್ ರೈಟ್ (ಖನಿಜ ಹುಡುಕೋ) ಪರವಾನಗಿ ಮಾಡಿಸಿಕೊಳ್ಳಿ. ಬೇರೆಯವರ ಗಣಿ ಗುತ್ತಿಗೆ ಜಾಗಕ್ಕೆ ಅವರ ಒಪ್ಪಿಗೆಯೂ ಬೇಕು.