ಟಿಎಸ್‌ಎಚ್ ಕಮ್ಮಿ ಬಂದ್ರೆ ಥೈರಾಯ್ಡ್ ವಾಸಿ ಆಯ್ತಾ?

ಸುಬ್ಬರಾವ್: (ಫಾರ್ವರ್ಡ್) ಟಿಎಸ್‌ಎಚ್ ಇಳಿದರೆ ಥೈರಾಯ್ಡ್ ಗುಣವಾದಂತೆ!! ಮಾತ್ರೆ ನಿಲ್ಲಿಸಿ, ಕೊತ್ತಂಬರಿ ಬೀಜ ನೆನೆಸಿದ ನೀರು 40 ದಿನ ಕುಡಿಯಿರಿ. ಎಲ್ಲರಿಗೂ ತಲುಪಿಸಿ 🙏🙏

ಸುಬ್ಬರಾವ್: ಶಾರದಕ್ಕ ನಿಂದು 0.08 ಬಂದಿದೆ ಅಂದ್ಯಲ್ಲ, ಓದು ಇದನ್ನ

ಶಾರದಾ: ಓದ್ದೆ ಕಣೋ. ಇಷ್ಟು ವರ್ಷದಿಂದ ಬೆಳಗಾದ್ರೆ ಆ ಬಾಟಲಿ ಹಿಡ್ಕೊಂಡು ಸಾಕಾಗಿದೆ, ನಾಳೆಯಿಂದ ಬಿಟ್ಟೇ ನೋಡ್ತೀನಿ

ವಿದ್ಯಾ: ಅಯ್ಯೋ ಅತ್ತೆ ಬೇಡ!! ಚಿಕ್ಕಪ್ಪ ಇದು ಪೂರ್ತಿ ತಪ್ಪು. ಟಿಎಸ್‌ಎಚ್ ಅನ್ನೋದು ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನ್, ಅದು ಬರೋದು ಥೈರಾಯ್ಡಿಂದ ಅಲ್ಲ, ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯಿಂದ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಮ್ಮಿ ಆದ್ರೆ ಅದು ಟಿಎಸ್‌ಎಚ್ ಜಾಸ್ತಿ ಬಿಡುತ್ತೆ, ಹಾರ್ಮೋನ್ ಜಾಸ್ತಿ ಆದ್ರೆ ಕಮ್ಮಿ ಮಾಡುತ್ತೆ. ಥೈರಾಯ್ಡ್ ಹಾರ್ಮೋನ್ ಮಾತ್ರೆ ತಗೊಳ್ಳೋರಿಗೆ 0.08 ಬಂದ್ರೆ ಡೋಸ್ ಹೆಚ್ಚಾಗಿರಬಹುದು, ಗ್ರಂಥಿ ಸರಿಹೋಯ್ತು ಅಂತಲ್ಲ

ಪ್ರಕಾಶ: ಹೆಚ್ಚಾಗಿದೆ ತಾನೇ? ಹಾಗಾದ್ರೆ ಅಮ್ಮಂಗೆ 100ರ ಬದಲು 50 ಕೊಡ್ತೀನಿ. ಡಾಕ್ಟರ್ ಸಿಗೋದು ಮುಂದಿನ ವಾರ

ವಿದ್ಯಾ: ಪ್ರಕಾಶಣ್ಣ ನೀನೇ ಅರ್ಧ ಮಾಡ್ಬೇಡ. ಡಾಕ್ಟ್ರು ಸಾಮಾನ್ಯವಾಗಿ 12.5 ಇಲ್ಲ 25 ಎಂಸಿಜಿ (ಎಂಜಿಯ ಸಾವಿರದಲ್ಲೊಂದು ಪಾಲು) ಅಂತ ಸ್ವಲ್ಪಸ್ವಲ್ಪನೇ ಬದಲಾಯಿಸಿ 6-8 ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸ್ತಾರೆ. ಅತ್ತೆ, ಹೊಸದಾಗಿ ಬೇರೆ ಏನಾದ್ರೂ ತಗೋತಿದೀರಾ? ಕ್ಯಾಲ್ಸಿಯಂ, ವಿಟಮಿನ್ನು?

ಶಾರದಾ: ಇಲ್ಲಮ್ಮ. ಕೂದಲು ಉದುರುತ್ತೆ ಅಂತ ಯುಗಾದಿ ಆದ್ಮೇಲೆ ಒಂದು ಕ್ಯಾಪ್ಸೂಲ್ ಶುರು ಮಾಡಿದೀನಿ ಅಷ್ಟೆ, ಅದು ಔಷಧಿ ಅಲ್ಲ

ವಿದ್ಯಾ: ಅದರ ಡಬ್ಬಿ ಹಿಂದೆ ಏನಿದೆ ಓದಿ

ಪ್ರಕಾಶ: ಬಯೋಟಿನ್ 10 ಎಂಜಿ, ಜಿಂಕ್, ಇನ್ನೂ ಏನೇನೋ

ವಿದ್ಯಾ: ನಾನು ಅಂದ್ಕೊಂಡಿದ್ದು ಅದೇ. ಬಯೋಟಿನ್ ಒಂದು ವಿಟಮಿನ್ನು, ದೊಡ್ಡೋರಿಗೆ ದಿನಕ್ಕೆ 30 ಎಂಸಿಜಿ ಸಾಕು, ಇದರಲ್ಲಿ ಅದರ ಮುನ್ನೂರು ಪಟ್ಟು ಮೇಲಿದೆ. ಎಷ್ಟೋ ಲ್ಯಾಬ್ ಮೆಷಿನ್‌ಗಳು ಹಾರ್ಮೋನ್ ಅಳೆಯೋದಕ್ಕೆ ಬಯೋಟಿನ್ನೇ ಬಳಸ್ತಾವೆ, ರಕ್ತದಲ್ಲಿ ಅದು ತುಂಬ್ಕೊಂಡಿದ್ರೆ ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಅನ್ನೋ ಥೈರಾಯ್ಡ್ ಹಾರ್ಮೋನ್ ಸುಳ್ಳೇ ಜಾಸ್ತಿ ತೋರಿಸುತ್ತೆ, ಥೇಟ್ ಡೋಸ್ ಹೆಚ್ಚಾದೋರ ರಿಪೋರ್ಟ್ ಥರ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಎಲ್ಲಾ ಮೆಷಿನ್ನಲ್ಲೂ ಹೀಗಾಗಲ್ಲ, ಅದಕ್ಕೇ ಲ್ಯಾಬಲ್ಲಿ ಕೇಳ್ಬೇಕು. ಈ ಕ್ಯಾಪ್ಸೂಲ್ ಕಡೇಪಕ್ಷ ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಡಿ, ಅವತ್ತು ರಕ್ತ ಕೊಟ್ಟ ಮೇಲೆ ಥೈರಾಯ್ಡ್ ಮಾತ್ರೆ ತಗೊಳ್ಳಿ

ಸುಬ್ಬರಾವ್: ನಮ್ಮ ಪಕ್ಕದ ಮನೆಯವರು ಮಾತ್ರೆ ಬಿಟ್ಟು ಬರೀ ಕೊತ್ತಂಬರಿ ನೀರಲ್ಲೇ ಆರಾಮಾಗಿದಾರಲ್ಲಮ್ಮ

ವಿದ್ಯಾ: ಬಿಟ್ಟು ಎಷ್ಟು ದಿನ ಆಯ್ತು ಚಿಕ್ಕಪ್ಪ? ಒಂದು ವಾರ ಆದ್ರೂ ಈ ಮಾತ್ರೆಯ ಅರ್ಧ ಭಾಗ ಮೈಯಲ್ಲೇ ಉಳಿದಿರುತ್ತೆ, ಮೊದಮೊದಲು ಏನೂ ಗೊತ್ತಾಗಲ್ಲ, ಅದಕ್ಕೇ ಜನ ನೀರಿಂದ ವಾಸಿ ಆಯ್ತು ಅಂದ್ಕೋತಾರೆ. ಆಮೇಲೆ ಮುಖ ಊದ್ಕೊಳ್ಳೋದು, ಮಲಬದ್ಧತೆ, ಎದ್ದು ಓಡಾಡೋಕೂ ಆಗದಷ್ಟು ಸುಸ್ತು. ಕೆಲವರಿಗೆ ಸ್ವಲ್ಪವೇ ಏರಿದ್ದ ಟಿಎಸ್‌ಎಚ್ ತಾನೇ ಇಳಿಯೋದೂ ಉಂಟು, ಆದ್ರೆ ಅತ್ತೆಗೆ ಆಂಟಿಬಾಡಿ ಪಾಸಿಟಿವ್ ಇದೆ, ಅಂದ್ರೆ ಮೈಯ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡ್ತಿದೆ, ಅವರ ಗ್ರಂಥಿನೇ ಸವೆದಿದೆ

ಸುಬ್ಬರಾವ್: ಕೊತ್ತಂಬರಿ ನೀರು ಕುಡಿದ್ರೆ ಕೆಟ್ಟದ್ದೇನಾಗುತ್ತೆ ಹೇಳು ಮತ್ತೆ?

ವಿದ್ಯಾ: ಕುಡೀಲಿ, ನನ್ನ ತಕರಾರಿಲ್ಲ. ಮಾತ್ರೆ ನುಂಗಿ ಒಂದು ಗಂಟೆ ಆದ್ಮೇಲೆ ಕುಡೀಲಿ. ಮಾತ್ರೆ ನಿಲ್ಲಿಸಿ ಅನ್ನೋ ಸಾಲಿದೆಯಲ್ಲ ಅದು ಬೇಡ. ಅತ್ತೆ ನಿಮಗೆ ಎದೆ ಡವಡವ, ಕೈ ನಡುಕ ಏನಾದ್ರೂ ಇದೆಯಾ?

ಶಾರದಾ: ನಿನ್ನೆ ಮಹಡಿ ಹತ್ತುವಾಗ ಎದೆ ಹೊಡ್ಕೊಂಡಿದ್ದು ನಿಜ. ಬಿಸಿಲಿಗೆ ಇರಬೇಕು ಅಂತ ಸುಮ್ನಾದೆ

ವಿದ್ಯಾ: ಹಾಗಾದ್ರೆ ಮುಂದಿನ ವಾರ ಅಂತ ಕಾಯ್ಬೇಡಿ. ರಿಪೋರ್ಟ್ ನಿಜವೇ ಆಗಿದ್ರೆ ಅರವತ್ತು ದಾಟಿದೋರಿಗೆ ಎದೆಬಡಿತ ಏರುಪೇರಾಗಬಹುದು, ಮೂಳೆನೂ ಸವೆಯುತ್ತೆ. ಇವತ್ತೇ ತೋರಿಸಿ ಇಸಿಜಿ ಮಾಡಿಸಿ, ಆ ಡಬ್ಬಿನೂ ತಗೊಂಡು ಹೋಗಿ. ಡೋಸ್ ಇಳಿಸ್ಬೇಕಾ ಬೇಡ್ವಾ ಅವರು ನೋಡಿ ಹೇಳ್ತಾರೆ

ಪ್ರಕಾಶ: ಫೋನ್ ಮಾಡ್ದೆ, 5 ಗಂಟೆಗೆ ಬರೋಕೆ ಹೇಳಿದ್ರು. ಅಮ್ಮ ಹಳೇ ರಿಪೋರ್ಟ್ ಫೈಲ್ ಎಲ್ಲಿಟ್ಟಿದೀಯ

ಶಾರದಾ: ಬೀರು ಮೇಲಿನ ಖಾನೇಲಿ, ನೀಲಿ ಕವರು. ಸುಬ್ಬು ನೀನು ಆ ಮೆಸೇಜ್ ಇನ್ಯಾರಿಗೂ ಕಳಿಸ್ಬೇಡ ಕಣೋ

ಸುಬ್ಬರಾವ್: ಆಯ್ತಕ್ಕ. ಡಾಕ್ಟ್ರು ಏನಂದ್ರು ಅಂತ ರಾತ್ರಿ ಹಾಕು