‘ಶಿಯರ್‌ವಾಟರ್’ ಹಕ್ಕಿಗೆ ಕನ್ನಡದಲ್ಲಿ ಏನು? (ಬೋರ್ಡಿಗೆ ಬೇಕು, ತುರ್ತು)

ಕಡಲತಡಿ:
ಎಲ್ಲರಿಗೂ ನಮಸ್ಕಾರ. ಕೆಲಸ ಅರ್ಜೆಂಟು, ಹಾಗಾಗಿ ನೇರವಾಗಿ ಕೇಳುತ್ತೇನೆ.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ದೋಣಿ ಹೊರಡುವ ಜಾಗದಲ್ಲಿ ನಿಲ್ಲಿಸಲು ಒಂದು ಬೋರ್ಡು ಬರೆಯುತ್ತಿದ್ದೇವೆ. ಜೊತೆಗೆ ಹಕ್ಕಿ ನೋಡುವವರು ತುಂಬಿಸುವ ಒಂದು ಹಾಳೆ. ಬೇಸಿಗೆಯ ಶುರು ಇದಕ್ಕೆ ಒಳ್ಳೆ ಕಾಲ. ಚಳಿಗಾಲಕ್ಕೆ ಬಂದ ಗಲ್‌ಗಳು ಉತ್ತರಕ್ಕೆ ಹೊರಟಿರುತ್ತವೆ. ರೀವಗಳ (ಟರ್ನ್) ತಲೆ ಕಪ್ಪಾಗಿರುತ್ತದೆ, ಗುರುತು ಹಿಡಿಯುವುದು ಸುಲಭ. ದಡ ಬಿಟ್ಟು ಆಳಕ್ಕೆ ಹೋದರೆ ದೂರದ ದಕ್ಷಿಣದಿಂದ ಬಂದ ಹಕ್ಕಿಗಳೂ ಸಿಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಅದಕ್ಕೂ ಮೊದಲೇ ಕಡಲು ಕೆಡುತ್ತದೆ. ಏಪ್ರಿಲ್, ಮೇ ತಪ್ಪಿಸಿಕೊಂಡರೆ ಆಮೇಲೆ ಹೋಗುವ ಹಾಗಿಲ್ಲ.

ಬೇಕಾದದ್ದು ಮೂರು ಪದ. ಮೊದಲನೆಯದು ಶಿಯರ್‌ವಾಟರ್. ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಿಗಿ ಹಿಡಿದು, ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲು ವಾಲುತ್ತಾ ಹೋಗುತ್ತದೆ. ನಮ್ಮ ಕಡಲಲ್ಲಿ ಕಂಡಿರುವುದು ಮುಖ್ಯವಾಗಿ ಎರಡು. ಒಂದು ಪರ್ಷಿಯನ್ ಶಿಯರ್‌ವಾಟರ್, ಒಮಾನ್ ಹತ್ತಿರದ ದ್ವೀಪಗಳಲ್ಲಿ ಮರಿ ಮಾಡುವುದು. ಇನ್ನೊಂದು ಗುಲಾಬಿ ಕಾಲಿನದು, ಆಸ್ಟ್ರೇಲಿಯಾ ಕಡೆಯದು. ಎರಡನೆಯ ಪದ ಸ್ಟಾರ್ಮ್ ಪೆಟ್ರೆಲ್. ಗುಬ್ಬಿಗಿಂತ ತುಸು ದೊಡ್ಡದು, ಮೈ ಕಪ್ಪು, ಬಾಲದ ಬುಡ ಬಿಳಿ. ಕಾಲು ಇಳಿಬಿಟ್ಟು ನೀರಿನ ಮೇಲೆ ತಟತಟ ಹೆಜ್ಜೆ ಹಾಕುತ್ತದೆ. ಇದು ಮರಿ ಮಾಡುವುದು ಅಂಟಾರ್ಕ್ಟಿಕಾದಲ್ಲಿ, ಬರುವುದು ನಮ್ಮ ಅರಬ್ಬಿ ಸಮುದ್ರಕ್ಕೆ! ಮೂರನೆಯದು, ಹಾಳೆಯ ಮೇಲೆ ‘ಸೀಬರ್ಡ್ ರೆಕಾರ್ಡಿಂಗ್’ ಅನ್ನುವುದಕ್ಕೆ ಒಂದು ತಲೆಬರಹ. ಸದ್ಯಕ್ಕೆ ‘ಕಡಲಪಕ್ಷಿ ದಾಖಲೆ’ ಅಂತ ಹಾಕಿಟ್ಟಿದ್ದೇನೆ.

ಬೋಟು ನಡೆಸುವ ತಾಂಡೇಲರನ್ನು ಕೇಳಿದೆ. ‘ಎಲ್ಲಾ ಕಡಲ ಹಕ್ಕಿಯೇ ಮಾರಾಯ್ರೆ, ಅವು ಮುತ್ತಿದಲ್ಲಿ ಮೀನು ಉಂಟು’ ಅಂದರು. ಬೋರ್ಡಿಗೆ ಅಷ್ಟು ಸಾಲದು. ಫೈಲು ಶನಿವಾರ ಸಂಜೆಗೆ ಪ್ರೆಸ್ಸಿಗೆ ಹೋಗಬೇಕು.

ಹಳಗನ್ನಡದವ:
ತಂಗೀ, ಮೊದಲು ತಲೆಬರಹ ತಿದ್ದಿ. ‘ಕಡಲಪಕ್ಷಿ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ್ದು. ಮುಂದಿನದು ಆಮೇಲೆ.

ಕಾಸರಗೋಡಿನಿಂದ:
ನಮ್ಮ ಪಕ್ಕದ ಮಲಯಾಳದವರು ಶಿಯರ್‌ವಾಟರಿಗೆ ‘ತಿರವೆಟ್ಟಿ’ ಅನ್ನುತ್ತಾರೆ. ಅವರ ತಿರ ನಮ್ಮ ತೆರೆ. ವೆಟ್ಟುವುದು ಅಂದರೆ ಕಡಿಯುವುದು. ನಿಮ್ಮ ರೀವಕ್ಕೆ ಅವರಲ್ಲಿ ‘ಆಳ’. ಗಲ್‌ಗೆ ‘ಕಡಲ್‌ಕಾಕ್ಕ’, ಅಂದರೆ ಕಡಲ ಕಾಗೆ. ನಾವೂ ಹಾಗೇ ‘ತೆರೆಸೀಳಿ’ ಅಂದರೆ ಆಯ್ತಲ್ವಾ? ಎರಡು ನಿಮಿಷದ ಕೆಲಸ.

ಹಳಗನ್ನಡದವ:
‘ತೆರೆಸೀಳಿ’ ಅಂದರೆ ತೆರೆಯನ್ನು ಸೀಳಿ... ಆಮೇಲೆ ಏನು ಮಾಡಿತು? ವಾಕ್ಯ ಮುಗಿಸಿ ಸ್ವಾಮಿ.

ನಮ್ಮವರಿಗೆ ಹಕ್ಕಿಗೆ ಹೆಸರಿಡುವುದು ಗೊತ್ತಿತ್ತು. ಎಣೆವಕ್ಕಿ, ಜಕ್ಕವಕ್ಕಿ, ಜೊನ್ನವಕ್ಕಿ. ಪಕಾರಕ್ಕೆ ವಕಾರ ಬಂದು ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಅದೇ ಅಚ್ಚಿನಲ್ಲಿ ‘ತೆರೆವಕ್ಕಿ’ ಎನ್ನಿ. ಕವಿಗಳು ಒಪ್ಪುತ್ತಿದ್ದ ಪದ. ಇದಕ್ಕೆ ಮೇಲೆ ಚರ್ಚೆಯೇ ಬೇಡ.

ಪೇಪರಿನವ:
ಮೇಷ್ಟ್ರೇ, ಕವಿಗಳು ಒಪ್ಪಲಿ, ದೋಣಿಗೆ ಕಾಯುವವರು ಏನು ಓದುತ್ತಾರೆ? ‘ತೆರೆವ ಅಕ್ಕಿ’. ರೇಷನ್ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತೆ ಅಂತ ಕೇಳುತ್ತಾರೆ. ನನ್ನ ಸಲಹೆ ಒಂದೇ ಸಾಲು: ‘ಶಿಯರ್‌ವಾಟರ್’ ಅಂತಲೇ ಬರೆಯಿರಿ. ಬಸ್ಸು, ಬೋಟು, ಬೋರ್ಡು ಜೀರ್ಣವಾದ ಹೊಟ್ಟೆಗೆ ಇದೂ ಆಗುತ್ತೆ.

ತಿಳಿನುಡಿ:
ಹೊಟ್ಟೆ ಕೆಟ್ಟಿರುವುದೇ ಅದರಿಂದ. ಕನ್ನಡದ ಮಯ್ಯಲ್ಲಿ ಕನ್ನಡದ ಉಸಿರು ಇರಲಿ. ‘ದ್ವೀಪ’ ಏಕೆ, ‘ನಡುಗಡ್ಡೆ’ ಇಲ್ಲವೇ? ‘ಪಕ್ಶಿ’ ಏಕೆ, ಅಚ್ಚಗನ್ನಡದ ‘ಹಕ್ಕಿ’ ಇಲ್ಲವೇ? ‘ದಾಕಲೆ’ ನಮ್ಮದಲ್ಲ, ಅರಬ್ಬಿಯಿಂದ ಬಂದದ್ದು. ‘ಕಡಲಹಕ್ಕಿ ಎಣಿಕೆ’ ಎನ್ನಿ, ಸಾಕು. ಶಿಯರ್‌ವಾಟರ್‌ಗೆ ‘ಅಲೆಸೀಳುಕ’. ಮುಗಿಯಿತು.

ಹಳಗನ್ನಡದವ:
‘ಅಚ್ಚಗನ್ನಡದ ಹಕ್ಕಿ’! ಕಿಟ್ಟೆಲ್ ನಿಘಂಟು ತೆಗೆದು ನೋಡಿ, 1894ರದ್ದು. ಹಕ್ಕಿಯನ್ನು ಪಕ್ಷಿಯ ತದ್ಭವ ಎಂದೇ ಗುರುತಿಸಿದ್ದಾರೆ. ಪಕ್ಷಿ, ಪಕ್ಕಿ, ಹಕ್ಕಿ. ನಿಮ್ಮ ಅಚ್ಚಗನ್ನಡ ಸಂಸ್ಕೃತದ ಮೊಟ್ಟೆಯಿಂದ ಹೊರಬಂದದ್ದು. ನಿಜವಾಗಿಯೂ ದ್ರಾವಿಡ ಬೇಕಿದ್ದರೆ ತಮಿಳಿನ ‘ಪುಳ್’ ತನ್ನಿ. ಬೋರ್ಡಿಗೆ ‘ಕಡಲ ಪುಳ್’ ಅಂತ ಹಾಕೋಣ.

ತಿಳಿನುಡಿ:
ಕಿಟ್ಟೆಲ್ ಬರೆದದ್ದೆಲ್ಲ ಕೊನೆಯ ಮಾತಲ್ಲ. ಮೀನು, ನೀರು ನಮ್ಮಿಂದ ಸಂಸ್ಕೃತಕ್ಕೆ ಹೋದವು. ಅದನ್ನು ಯಾಕೆ ಹೇಳುವುದಿಲ್ಲ?

ಹಳಗನ್ನಡದವ:
ಮೀನು ಯಾರು ಕೇಳಿದರು ಇಲ್ಲಿ?

ಕಡಲತಡಿ:
ದಯವಿಟ್ಟು ಇಬ್ಬರೂ ಸ್ವಲ್ಪ ತಡೆಯಿರಿ. ‘ನಡುಗಡ್ಡೆ’ ಹಾಕುವುದಿಲ್ಲ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ಆಚೆ, ನಡುಕಡಲಲ್ಲಿ ಕಡಿದಾಗಿ ಎದ್ದಿರುವ ಬಂಡೆ. ನಡುಗಡ್ಡೆ ಅಂದರೆ ನನ್ನ ಕಿವಿಗೆ ಹೊಳೆಯ ಮಧ್ಯದ ಮಣ್ಣು, ನಾಲ್ಕು ತೆಂಗಿನ ಮರ ಕಾಣುತ್ತದೆ. ಅದಕ್ಕೆ ಕುಂದಾಪುರದ ಕಡೆ ‘ಕುದ್ರು’ ಅನ್ನುವ ಚಂದದ ಪದವೇ ಇದೆ. ನೇತ್ರಾಣಿ ದ್ವೀಪವಾಗಿಯೇ ಇರಲಿ. ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಅವುಗಳ ಹೆಸರಿಗೆ ತೊಂದರೆಯಿಲ್ಲ, ನೋಡಿದ ಕೂಡಲೇ ಜನಕ್ಕೆ ಅರ್ಥವಾಗುತ್ತದೆ. ಶಿಯರ್‌ವಾಟರಿಗೂ ಅಂಥದ್ದೇ ಬೇಕು.

‘ಎಣಿಕೆ’ ಪೂರ್ತಿ ಸಾಲದು. ಹಾಳೆಯಲ್ಲಿ ಹಕ್ಕಿ ಎಷ್ಟು ಅನ್ನುವುದು ಒಂದು ಕಾಲಂ ಮಾತ್ರ. ಸಮಯ, ದಡದಿಂದ ದೂರ, ಹಾರುತ್ತಿದ್ದ ದಿಕ್ಕು, ಗಾಳಿ ಎಲ್ಲಾ ಇದೆ. ಇ-ಬರ್ಡ್‌ ಅನ್ನುವ ಹಕ್ಕಿ ದಾಖಲೆಯ ಜಾಲತಾಣಕ್ಕೆ ಆಳ ಕಡಲಿನ ಪಟ್ಟಿ ಹಾಕಬೇಕಾದರೆ ಒಂದು ಪಟ್ಟಿ ಒಂದು ಗಂಟೆಗಿಂತ ಜಾಸ್ತಿ ಇರಬಾರದು. ಗಂಟೆಗೊಂದು ಹೊಸ ಹಾಳೆ ಶುರು ಮಾಡಬೇಕು.

ಪೇಪರಿನವ:
‘ನೋಂದಣಿ’ ಅಂತೂ ಬೇಡ. ‘ಪಕ್ಷಿ ನೋಂದಣಿ’ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕ್ಯೂ ನಿಂತ ಹಾಗೆ. ‘ರೆಕಾರ್ಡಿಂಗ್’ ಅಂದರೆ ಮೈಕು ತರುತ್ತಾರೆ.

ಕಾರ್ಡಿಫ್‌ನಿಂದ:
ಮೈಕು ತಂದರೂ ತಪ್ಪಿಲ್ಲ ಸಾರ್! ನಾನಿರುವುದು ವೇಲ್ಸ್‌ನಲ್ಲಿ. ಇಲ್ಲಿನ ಪಶ್ಚಿಮ ತುದಿಯಲ್ಲಿ ಸ್ಕೋಮರ್ ಅಂತ ಒಂದು ದ್ವೀಪ. ಅಲ್ಲಿ ಮ್ಯಾಂಕ್ಸ್ ಶಿಯರ್‌ವಾಟರ್ ಸುಮಾರು 3.5 ಲಕ್ಷ ಜೋಡಿ ಮರಿ ಮಾಡುತ್ತವೆ. ಹಗಲು ಹೋದರೆ ನೆಲದ ಮೇಲೆ ಒಂದೂ ಕಾಣುವುದಿಲ್ಲ. ಗೂಡು ಬಿಲದೊಳಗೆ. ದೊಡ್ಡ ಗಲ್‌ಗಳು ಹಿಡಿದು ತಿನ್ನುತ್ತವೆ ಅಂತ ಕಡಲಿನಿಂದ ಬರುವುದು, ಹೋಗುವುದು ಎಲ್ಲಾ ಕತ್ತಲಾದ ಮೇಲೆ. ಹಾಗಾದರೆ ಎಣಿಸುವುದು ಹೇಗೆ? ಬೇಸಿಗೆಯ ಮೊದಲಲ್ಲಿ ಬಿಲದ ಬಾಯಿಗೆ ಅದರದೇ ಕೂಗನ್ನು ಸ್ಪೀಕರಿನಲ್ಲಿ ಕೇಳಿಸುತ್ತಾರೆ. ಒಳಗಿನಿಂದ ಉತ್ತರ ಬಂದರೆ ಆ ಬಿಲ ಲೆಕ್ಕಕ್ಕೆ. ಒಳಗಿದ್ದೂ ಸುಮ್ಮನಿರುವವಕ್ಕೆ ಬೇರೆ ಲೆಕ್ಕ ಹಾಕಿ ಸೇರಿಸುತ್ತಾರೆ.

ಪದದ ವಿಷಯಕ್ಕೆ ಬಂದರೆ, ವೆಲ್ಷ್ ಜನ ಇಂಗ್ಲಿಷ್ ಹೆಸರು ತೆಗೆದುಕೊಳ್ಳಲೇ ಇಲ್ಲ. ಅವರು ‘ಅಡೆರಿನ್ ಡ್ರಿಕಿನ್ ಮನೌ’ ಅನ್ನುತ್ತಾರೆ. ಅಡೆರಿನ್ ಅಂದರೆ ಹಕ್ಕಿ, ಡ್ರಿಕಿನ್ ಅಂದರೆ ಕೆಟ್ಟ ಹವೆ. ಇಂಗ್ಲಿಷರ ಕಥೆ ಕೇಳಿದರೆ ನಗು ಬರುತ್ತದೆ. ‘ಪಫಿನ್’ ಅಂತ ಮೊದಲು ಕರೆಯುತ್ತಿದ್ದದ್ದು ಉಪ್ಪು ಹಾಕಿಟ್ಟ ಶಿಯರ್‌ವಾಟರ್ ಮರಿಯನ್ನು. ಆಮೇಲೆ ಆ ಹೆಸರು ಬಣ್ಣದ ಕೊಕ್ಕಿನ ಬೇರೆ ಹಕ್ಕಿಗೆ ಹೋಯಿತು. ವಿಜ್ಞಾನದ ಹೆಸರಿನಲ್ಲಿ ಮಾತ್ರ ಶಿಯರ್‌ವಾಟರ್ ಇವತ್ತಿಗೂ ‘ಪಫಿನಸ್’. ಹಾಗಾಗಿ ಒಂದೇ ಸಲಕ್ಕೆ ಸರಿಯಾದ ಪದ ಸಿಗಬೇಕು ಅಂತ ಯಾರೂ ನಿದ್ದೆ ಕೆಡಿಸಿಕೊಳ್ಳಬೇಡಿ.

ತಿಳಿನುಡಿ:
ನೋಡಿ! ವೆಲ್ಶ್ ಮಂದಿಗೆ ಇರುವ ನುಡಿಯೊಲವು ನಮಗಿಲ್ಲ.

ಪೇಪರಿನವ:
ಅವರು ಕೆಟ್ಟ ಹವೆ ಅಂದರು, ನೀವು ಸೀಳುಕ ಅಂದಿರಿ. ಯಾರಿಗೆ ಒಲವು ಜಾಸ್ತಿ ಅಂತ ಓದುವವರು ಹೇಳಲಿ.

ಬಂದರಿನ ಹುಡುಗ:
ಸುಮ್ನೆ ಓದುತ್ತಿದ್ದೆ, ಈಗ ತಡೆಯಲಾಗಲಿಲ್ಲ. ನಮ್ಮ ಮನೆಯವರು ಬೋಟಿನವರು. ನೀವು ಹೇಳುವ ಹಕ್ಕಿ ನಾನು ನೋಡಿದ್ದೇನೆ. ಅದು ಸೀಳುವುದೂ ಇಲ್ಲ, ಕಡಿಯುವುದೂ ಇಲ್ಲ. ರೆಕ್ಕೆಯ ತುದಿ ಈಗ ತಾಗಿತು ಅನ್ನುವಾಗ ಮೇಲೆದ್ದುಬಿಡುತ್ತದೆ. ಅಲೆ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಸವಾರಿ ಅದು. ‘ಅಲೆಸವಾರ’ ಅನ್ನಿ, ನಮ್ಮ ಅಜ್ಜಿಗೂ ಗೊತ್ತಾಗುತ್ತದೆ.

ಇನ್ನೊಂದು. ಹಾಳೆಯಲ್ಲಿ ಆಳ ಬರೆಯುವುದಿದ್ದರೆ ಮೀಟರ್ ಜೊತೆ ‘ಮಾರು’ ಅಂತಲೂ ಒಂದು ಕಾಲಂ ಬಿಡಿ. ತಾಂಡೇಲರನ್ನು ಕೇಳಿದರೆ ಮಾರಿನಲ್ಲೇ ಹೇಳುವುದು.

ಕಾಸರಗೋಡಿನಿಂದ:
ಅಲೆಸವಾರ! ತೆರೆಸೀಳಿ ವಾಪಸ್ ತೆಗೆದುಕೊಂಡೆ.

ಹಳಗನ್ನಡದವ:
ಕಿವಿಗೆ ಇಂಪು, ಶಾಸ್ತ್ರಕ್ಕೆ ಸಲ್ಲದು. ‘ಅಲೆ’ ಕನ್ನಡ, ‘ಸವಾರ’ ಪಾರ್ಸಿ. ಇದು ಅರಿಸಮಾಸಕ್ಕಿಂತ ಕಡೆ.

ಪೇಪರಿನವ:
ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ತಡೆದದ್ದು ಸಂಸ್ಕೃತ ಮತ್ತು ಕನ್ನಡ ಬೆರೆಸುವುದನ್ನು. ಹದಿಮೂರನೇ ಶತಮಾನದ ಅವನಿಗೆ ಪಾರ್ಸಿಯ ತಲೆನೋವಿರಲಿಲ್ಲ. ಅವನೂ ಬಿರುದಾವಳಿಗೆ, ಹಿಂದಿನವರು ಬಳಸಿದ್ದಕ್ಕೆ ವಿನಾಯ್ತಿ ಕೊಟ್ಟಿದ್ದಾನೆ. ‘ಕುದುರೆ ಸವಾರ’ ಹೇಳುವಾಗ ಯಾರ ನಾಲಿಗೆಯೂ ತೊದಲಲಿಲ್ಲ. ಮತ್ತೆ ಬೋರ್ಡಿನಲ್ಲಿರುವುದು ಪರ್ಷಿಯನ್ ಶಿಯರ್‌ವಾಟರ್. ಪಾರ್ಸಿ ಹಕ್ಕಿಗೆ ಪಾರ್ಸಿ ಪದ, ಏನು ತಕರಾರು? (ತಕರಾರೂ ಆ ಕಡೆಯಿಂದಲೇ ಬಂದದ್ದು.)

ತಿಳಿನುಡಿ:
ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ಇಲ್ಲಿಗೆ ಬಂದಿದ್ದೇವೆ.

ಬಂದರಿನ ಹುಡುಗ:
ಎಲ್ಲಿಗೆ ಬಂದಿದ್ದೇವೆ ಅಣ್ಣ? ‘ಬಂದರು’ ಪಾರ್ಸಿ. ‘ತಾಂಡೇಲ’ ಕೊಂಕಣಿ, ಮರಾಠಿ ಕಡೆಯದು. ‘ಬೋಟು’ ಇಂಗ್ಲಿಷು. ‘ತೂಫಾನು’ ಕೂಡ ಹೊರಗಿನದೇ ಅಂತೆ. ಇವನ್ನೆಲ್ಲ ಇಳಿಸಿದರೆ ಕಡಲಿಗೆ ಹೋಗುವುದು ಯಾವುದರಲ್ಲಿ? ನಮ್ಮ ಕಡೆ ಬೋಟು ನಿಲ್ಲುವ ಒಂದೇ ಧಕ್ಕೆಯಲ್ಲಿ ತುಳು, ಕೊಂಕಣಿ, ಕನ್ನಡ ಮೂರೂ ನಡೆಯುತ್ತದೆ. ಮೀನಿಗೆ ರೇಟು ಮಾಡುವಾಗ ಯಾರೂ ವ್ಯಾಕರಣ ಕೇಳುವುದಿಲ್ಲ.

ಹಳಗನ್ನಡದವ:
ಮೀನು ಮಾರುವುದಕ್ಕೂ ಬೋರ್ಡು ಬರೆಯುವುದಕ್ಕೂ ವ್ಯತ್ಯಾಸವಿದೆ, ತಮ್ಮಾ. ಮಾತು ಗಾಳಿಗೆ ಹೋಗುತ್ತದೆ, ಬೋರ್ಡು ನಿಲ್ಲುತ್ತದೆ.

ಕಡಲತಡಿ:
ಉಪ್ಪುಗಾಳಿಗೆ ಬೋರ್ಡೂ ನಿಲ್ಲುವುದಿಲ್ಲ ಮೇಷ್ಟ್ರೇ, ಎರಡು ಮಳೆಗಾಲ ಕಂಡರೆ ಹೆಚ್ಚು. ಪೆಟ್ರೆಲ್‌ಗೆ ಯಾರೂ ಏನೂ ಹೇಳಲಿಲ್ಲ. ವೆಲ್ಷ್ ದಾರಿ ಹಿಡಿದು ‘ತೂಫಾನು ಹಕ್ಕಿ’ ಅನ್ನಬಹುದೇ?

ಕಾರ್ಡಿಫ್‌ನಿಂದ:
ಇಂಗ್ಲಿಷಿನಲ್ಲೂ ಅದರ ಹೆಸರಿಗೆ ಸ್ಟಾರ್ಮ್ ಸೇರಿದೆ, ಆದ್ದರಿಂದ ತೂಫಾನು ಸರಿಯೇ. ‘ಪೆಟ್ರೆಲ್’ ಮಾತ್ರ ನೀರಿನ ಮೇಲೆ ನಡೆದ ಸಂತ ಪೀಟರನಿಂದ ಬಂತು ಅನ್ನುವ ಕಥೆ ಜನಪ್ರಿಯ. ಪದದ ಮೂಲ ಅದೇ ಅಂತ ಎಲ್ಲರೂ ಒಪ್ಪುವುದಿಲ್ಲ.

ಕಾಸರಗೋಡಿನಿಂದ:
‘ತೂಫಾನು ಹಕ್ಕಿ’ಯಲ್ಲಿ ಒಂದು ತೊಡಕಿದೆ. ಮಳೆಗಾಲದ ಬಿರುಗಾಳಿಗೆ ಸುಸ್ತಾಗಿ ದಡಕ್ಕೆ ಬಂದು ಬೀಳುವ ಹಕ್ಕಿ ಬೇಕಾದಷ್ಟು. ಕರಿಬೆನ್ನಿನ ರೀವ ಬೀಳುತ್ತದೆ, ಬೂಬಿ ಬೀಳುತ್ತದೆ. ಜನ ಅವಕ್ಕೆಲ್ಲ ತೂಫಾನು ಹಕ್ಕಿ ಅನ್ನುತ್ತಾರೆ. ಆಮೇಲೆ ನಿಮ್ಮ ಹಾಳೆಯಲ್ಲಿ ಬೂಬಿಯ ಲೆಕ್ಕವೆಲ್ಲ ಪೆಟ್ರೆಲ್ ಕಾಲಂಗೆ ಸೇರುತ್ತದೆ. ಪದ ಚಂದ ಇದ್ದು ದಾಖಲೆ ಕೆಟ್ಟರೆ ಏನು ಬಂತು?

ತಿಳಿನುಡಿ:
‘ಅಲೆನಡಿಗ’. ಯಾರ ಸಾಲವೂ ಇಲ್ಲ.

ಹಳಗನ್ನಡದವ:
‘ನಡಿಗ’ ಎಲ್ಲಿಯ ರೂಪ? ‘ನಡೆ’ಗೆ ‘ಇಗ’ ಹತ್ತಿಸುವ ಮೊದಲು ಯಾರನ್ನಾದರೂ ಕೇಳಿದಿರಾ?

ತಿಳಿನುಡಿ:
‘ಮರಕುಟಿಗ’ ಬಂದಾಗ ಯಾರನ್ನು ಕೇಳಿದರು?

ಕಡಲತಡಿ:
ಶನಿವಾರ ಬಂತು, ಫೈಲು ಕಳಿಸುತ್ತಿದ್ದೇನೆ. ದೊಡ್ಡಕ್ಷರದಲ್ಲಿ ‘ಅಲೆಸವಾರ’, ಕೆಳಗೆ ಚಿಕ್ಕದಾಗಿ ‘ಶಿಯರ್‌ವಾಟರ್’. ಪೆಟ್ರೆಲ್ ಪೆಟ್ರೆಲ್ ಆಗಿಯೇ ಇರುತ್ತದೆ. ಕಾಸರಗೋಡಿನವರ ಮಾತು ನನಗೆ ಸರಿ ಕಂಡಿತು. ‘ಅಲೆನಡಿಗ’ ಚೆನ್ನಾಗಿದೆ, ಆದರೆ ಅಲೆಸವಾರದ ಪಕ್ಕದಲ್ಲಿಟ್ಟರೆ ಎರಡೂ ಅಣ್ಣತಮ್ಮಂದಿರು ಅನ್ನಿಸಿ ಹೊಸಬರಿಗೆ ಗೊಂದಲವಾಗುತ್ತದೆ. ಹಾಳೆಗೆ ‘ಕಂಡ ಕಡಲ ಹಕ್ಕಿಗಳು’. ಮೇಷ್ಟ್ರೇ, ಬಿಡಿಸಿ ಬರೆದಿದ್ದೇನೆ. ಸಮಾಸವೇ ಇಲ್ಲ, ಅರಿಯೂ ಇಲ್ಲ ಮಿತ್ರನೂ ಇಲ್ಲ. ಮಾರಿನ ಕಾಲಂ ಸೇರಿಸಿದ್ದೇನೆ.

ಹಳಗನ್ನಡದವ:
ತಲೆಬರಹ ಸರಿಯಾಗಿದೆ. ಉಳಿದದ್ದಕ್ಕೆ ನನ್ನ ಒಪ್ಪಿಗೆಯಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

ಕಡಲತಡಿ:
ಪ್ರೆಸ್ಸಿನವರು ಫೋನ್ ಮಾಡಿದ್ದಾರೆ. ಬೋರ್ಡಿನ ಕೆಳಸಾಲಿನಲ್ಲಿ ‘ಧಕ್ಕೆಯಲ್ಲಿ ಕಸ ಹಾಕಬೇಡಿ’ ಅಂತಿದೆ. ಅವರ ಪ್ರಕಾರ ಧಕ್ಕೆ ಅಂದರೆ ಹಾನಿ, ಬೋಟು ನಿಲ್ಲುವ ಜಾಗಕ್ಕೆ ‘ದಕ್ಕೆ’ ಆಗಬೇಕಂತೆ. ಯಾವುದು? ಅರ್ಧ ಗಂಟೆಯಲ್ಲಿ ಹೇಳಬೇಕು.

ತಿಳಿನುಡಿ:
ದಕ್ಕೆ. ಮಹಾಪ್ರಾಣ ಕನ್ನಡಕ್ಕೆ ಬೇಡವೇ ಬೇಡ.

ಹಳಗನ್ನಡದವ:
ಧಕ್ಕೆ. ಮರಾಠಿಯ ‘ಧಕ್ಕಾ’ದಿಂದ.

ಪೇಪರಿನವ:
‘ಇಲ್ಲಿ ಕಸ ಹಾಕಬೇಡಿ’ ಅಂತ ಬರೆಯಿರಿ.