ಬಣ್ಣ ಹೋಯ್ತು, ಸಿಒಡಿ ಮಾತ್ರ ಏರಿತು! ಫೆಂಟನ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಬಟ್ಟೆಗೆ ಬಣ್ಣ ಹಾಕುವ ಘಟಕದ ಕೊಳಚೆ ನೀರಿನ ಮೇಲೆ ಫೆಂಟನ್ ಪ್ರಯೋಗ (ಕಬ್ಬಿಣ, ಪೆರಾಕ್ಸೈಡ್ ಜೋಡಿಯಿಂದ ಕೊಳೆ ಸುಡುವುದು) ಮಾಡುತ್ತಿದ್ದೇನೆ. ಹೆಚ್ಚಿನವು ರಿಯಾಕ್ಟಿವ್ ಡೈಗಳು (ನೂಲಿಗೆ ಬೆಸೆದುಕೊಳ್ಳುವ ಬಣ್ಣಗಳು). ಪಿಎಚ್ 3ಕ್ಕೆ ಇಳಿಸಿ, ಫೆರಸ್ ಸಲ್ಫೇಟ್ (ಕಬ್ಬಿಣದ ಉಪ್ಪು) ಹಾಕಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದೆ. ಕಡು ಕೆಂಪು ನೀರು ನೋಡನೋಡುತ್ತಲೇ ತಿಳಿಯಾಯಿತು. ಆದರೆ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕದ ಅಳತೆ) ಮೊದಲಿಗಿಂತ ಜಾಸ್ತಿ ಬಂತು! ಪೆರಾಕ್ಸೈಡ್ ಸಾಲಲಿಲ್ಲವೇನೋ ಅಂತ ದುಪ್ಪಟ್ಟು ಹಾಕಿದರೆ ಇನ್ನೂ ಏರಿತು. ಏನಾಗುತ್ತಿದೆ?

ಉತ್ತರ: ನಿಮ್ಮ ನೀರು ಕೆಟ್ಟಿಲ್ಲ, ಅಳತೆ ಕೆಟ್ಟಿದೆ. ಸಿಒಡಿ ಪರೀಕ್ಷೆಯಲ್ಲಿ ಕೊಳೆಯನ್ನು ಸುಡುವ ರಾಸಾಯನಿಕ ಡೈಕ್ರೋಮೇಟ್ ಎಷ್ಟು ಖರ್ಚಾಯಿತು ಅಂತ ನೋಡುತ್ತೇವೆ, ಅಲ್ವಾ? ಉಳಿದ ಪೆರಾಕ್ಸೈಡ್ ಕೂಡ ಡೈಕ್ರೋಮೇಟನ್ನು ತಿನ್ನುತ್ತದೆ. ಲೆಕ್ಕದ ಪ್ರಕಾರ 1 ಮಿಲಿಗ್ರಾಂ ಪೆರಾಕ್ಸೈಡ್ 0.47 ಮಿಲಿಗ್ರಾಂ ಸಿಒಡಿಯಂತೆ ಕಾಣುತ್ತದೆ. ಲೀಟರಿಗೆ 500 ಮಿಲಿಗ್ರಾಂ ಉಳಿದರೆ ಸುಮ್ನೆ 235 ಸೇರಿಕೊಂಡ ಹಾಗೆ. ಉಳಿದ ಫೆರಸ್ ಕೂಡ ಸ್ವಲ್ಪ ಸೇರಿಸುತ್ತದೆ, 1 ಮಿಲಿಗ್ರಾಂಗೆ 0.14ರಷ್ಟು.

ಪ್ರತಿಕ್ರಿಯೆ ಮುಗಿದ ಮೇಲೆ ಕಾಸ್ಟಿಕ್ ಹಾಕಿ ಪಿಎಚ್ ಅನ್ನು 8ರ ಮೇಲೆ ಒಯ್ಯಿರಿ. ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ, ಪೆರಾಕ್ಸೈಡ್ ಕೂಡ ನಿಧಾನಕ್ಕೆ ಒಡೆಯುತ್ತದೆ. ಪೆರಾಕ್ಸೈಡ್ ಪಟ್ಟಿಯಲ್ಲಿ ಬಣ್ಣ ಕಾಣದಿದ್ದಾಗ ಮಾತ್ರ ಸಿಒಡಿಗೆ ಕೊಡಿ. ಅವಸರವಿದ್ದರೆ ಕ್ಯಾಟಲೇಸ್ ಕಿಣ್ವವನ್ನು ಸ್ವಲ್ಪವೇ ಬಳಸಬಹುದು. ಸಲ್ಫೈಟ್ ಹಾಕುವವರೂ ಇದ್ದಾರೆ. ಅದು ಮಿಕ್ಕರೆ ಅದೂ ಸಿಒಡಿಯೇ, ನನಗಂತೂ ಇಷ್ಟವಿಲ್ಲ.

ಇನ್ನು ದುಪ್ಪಟ್ಟು ಹಾಕಿದ ವಿಷಯ. ರಸಾಯನಶಾಸ್ತ್ರಜ್ಞ ಫೆಂಟನ್ 1894ರಲ್ಲಿ ಟಾರ್ಟಾರಿಕ್ ಆಮ್ಲದ ಮೇಲೆ ಫೆರಸ್-ಪೆರಾಕ್ಸೈಡ್ ಜೋಡಿಯ ಕೆಲಸವನ್ನು ವಿವರಿಸಿದರು. ಬಣ್ಣದ ಮೇಲೆ ಬೀಳುವುದು ನೇರವಾಗಿ ಪೆರಾಕ್ಸೈಡ್ ಅಲ್ಲ. ಫೆರಸ್ ಅದನ್ನು ಒಡೆದಾಗ ಹುಟ್ಟುವ ಬಲು ಚುರುಕಾದ ಕಣ, ಹೈಡ್ರಾಕ್ಸಿಲ್ ರ‍್ಯಾಡಿಕಲ್. ಅದು ಎದುರಿಗೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಪೆರಾಕ್ಸೈಡೇ ಜಾಸ್ತಿ ಇದ್ದರೆ ಅದನ್ನೇ ಹಿಡಿದು ವ್ಯರ್ಥವಾಗುತ್ತದೆ. ಹಾಗಾಗಿ ಒಂದೇ ಸಲ ಸುರಿಯಬೇಡಿ, ಕಲಕುತ್ತಾ ಕಂತಿನಲ್ಲಿ ಹಾಕಿ.

ಲೆಕ್ಕಕ್ಕೆ ಒಂದು ಆಧಾರ: 1 ಗ್ರಾಂ ಸಿಒಡಿಯನ್ನು ಪೂರ್ತಿ ಸುಡಲು 2.1 ಗ್ರಾಂ ಪೆರಾಕ್ಸೈಡ್ ಬೇಕು. ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ. ಕಬ್ಬಿಣ, ಪೆರಾಕ್ಸೈಡಿನ ತೂಕದ ಹತ್ತನೇ ಒಂದು ಭಾಗದಿಂದ ಇಪ್ಪತ್ತನೇ ಒಂದು ಭಾಗದವರೆಗೆ ಹಾಕಿ ನೋಡಿ. ಇಲ್ಲಿ ಕಬ್ಬಿಣ ಅಂದರೆ ಕಬ್ಬಿಣವೇ, ಉಪ್ಪಲ್ಲ. ಹಸಿರು ಹರಳಿನ ಫೆರಸ್ ಸಲ್ಫೇಟಿನಲ್ಲಿ ಕಬ್ಬಿಣ ಇರುವುದು ಶೇ. 20 ಮಾತ್ರ.

ಪ್ರಶ್ನೆ (ಅದೇ ಸದಸ್ಯರು): ಪೆರಾಕ್ಸೈಡ್ ತೆಗೆದು ಮತ್ತೆ ನೋಡಿದೆ. ಸಿಒಡಿ ಈಗ ಇಳಿದಿದೆ, ಆದರೆ ಬಣ್ಣ ಹೋದಷ್ಟು ಇಳಿದಿಲ್ಲ. ಅದೂ ಅಳತೆಯದ್ದೇ ತಪ್ಪಾ?

ಉತ್ತರ: ಇಲ್ಲ, ಇದು ನಿಜ. ಅಜೋ ಬಣ್ಣದಲ್ಲಿ ಎರಡು ಸಾರಜನಕಗಳ ನಡುವಿನ ಕೊಂಡಿ ಮುರಿದರೆ ಸಾಕು, ಬಣ್ಣ ಹೋಗುತ್ತದೆ. ಉಳಿದ ಉಂಗುರಗಳೆಲ್ಲ ನೀರಿನಲ್ಲೇ ಇರುತ್ತವೆ, ಬಣ್ಣ ಇಲ್ಲ ಅಷ್ಟೇ. ಮುಂದೆ ಅವು ಒಡೆದು ಆಕ್ಸಾಲಿಕ್, ಅಸಿಟಿಕ್ ಥರದ ಸಣ್ಣ ಆಮ್ಲಗಳಾಗುತ್ತವೆ. ಅಲ್ಲಿಗೆ ಫೆಂಟನ್ ಸುಸ್ತು. ಆಕ್ಸಾಲಿಕ್ ಆಮ್ಲ ಫೆರಿಕ್ ಕಬ್ಬಿಣವನ್ನು (ಫೆರಸ್ ಕೆಲಸ ಮಾಡಿ ಬದಲಾದ ರೂಪ) ಕಟ್ಟಿಹಾಕುತ್ತದೆ, ಅದನ್ನು ಬಿಡಿಸಲು ಬೆಳಕು ಬೇಕು. ಬೆಳಕು ಬಳಸುವ ಫೋಟೋ-ಫೆಂಟನ್ ಮೇಲುಗೈ ಸಾಧಿಸುವುದು ಇಲ್ಲೇ. ಆದರೆ ಕೊನೆಯವರೆಗೂ ರಾಸಾಯನಿಕದಿಂದಲೇ ಸುಡುವ ಹಟ ಬೇಡ. ಈ ಸಣ್ಣ ಆಮ್ಲಗಳು ಬ್ಯಾಕ್ಟೀರಿಯಾಗೆ ಸುಲಭದ ಊಟ. ಪೆರಾಕ್ಸೈಡ್ ಪೂರ್ತಿ ಹೋದ ಮೇಲೆ ಜೈವಿಕ ಟ್ಯಾಂಕಿಗೆ ಬಿಡಿ.

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ): ನಾನು ಮೀಥೈಲ್ ಆರೆಂಜ್ ಎಂಬ ಅಜೋ ಬಣ್ಣದ ಮೇಲೆ ಫೆಂಟನ್ ಮಾಡುತ್ತಿದ್ದೇನೆ. ಪೆರಾಕ್ಸೈಡ್ ಹಾಕುವ ಮೊದಲೇ 464 ನ್ಯಾನೋಮೀಟರಿನಲ್ಲಿ ಬೆಳಕು ಹೀರುವಿಕೆಯ ರೀಡಿಂಗ್ ಬದಲಾಗುತ್ತದೆ. ಯಾಕೆ?

ಉತ್ತರ: ಅದು ಪಿಎಚ್ ಸೂಚಕವೂ ಹೌದಲ್ಲ! ಪಿಎಚ್ 3ರಲ್ಲಿ ಕೆಂಪಾಗುತ್ತದೆ, ಬೆಳಕು ಹೀರುವ ಶಿಖರ 507ರ ಆಸುಪಾಸಿಗೆ ಜರುಗುತ್ತದೆ. ಮಾಪನಾಂಕದ ದ್ರಾವಣಗಳನ್ನೂ ಅದೇ ಪಿಎಚ್‌ನಲ್ಲಿ ಮಾಡಿ. ಸ್ಯಾಂಪಲ್ ತೆಗೆದ ಕೂಡಲೇ ಪ್ರತಿಕ್ರಿಯೆ ನಿಲ್ಲಿಸಿ, ಇಲ್ಲದಿದ್ದರೆ ಅಳತೆಯ ಪುಟ್ಟ ಪಾತ್ರೆ ಕ್ಯುವೆಟ್‌ನಲ್ಲೇ ಮುಂದುವರಿಯುತ್ತದೆ.

ಪ್ರಶ್ನೆ (ಇನ್ನೊಬ್ಬರು): ಫೆರಸ್ ಸಲ್ಫೇಟ್ ಬದಲು ಕಬ್ಬಿಣದ ಪುಡಿ ಹಾಕಿದರೆ? ಪೆರಾಕ್ಸೈಡ್ ಇಲ್ಲದೆಯೂ ಬಣ್ಣ ಹೋಗುತ್ತದೆ ಅಂತ ಕೇಳಿದ್ದೇನೆ.

ಉತ್ತರ: ಹೋಗುತ್ತದೆ, ಆದರೆ ಅದು ಉತ್ಕರ್ಷಣೆ (ಆಕ್ಸಿಡೇಶನ್) ಅಲ್ಲ, ಅದರ ಉಲ್ಟಾ, ಅಪಕರ್ಷಣೆ (ರಿಡಕ್ಷನ್). ಅಜೋ ಕೊಂಡಿ ಮುರಿದು ಆರೊಮ್ಯಾಟಿಕ್ ಅಮೀನುಗಳು ಬರುತ್ತವೆ. ನೀರು ತಿಳಿ, ಆದರೆ ಕೆಲವು ಅಮೀನುಗಳು ಬಣ್ಣಕ್ಕಿಂತ ಅಪಾಯಕಾರಿ. ಅಲ್ಲಿಗೇ ನಿಲ್ಲಿಸಬೇಡಿ. ಆಮ್ಲದಲ್ಲಿ ಆ ಪುಡಿಯೇ ಕರಗಿ ಫೆರಸ್ ಕೊಡುತ್ತದೆ, ಮೇಲೆ ಪೆರಾಕ್ಸೈಡ್ ಹಾಕಿದರೆ ಫೆಂಟನ್ ಶುರು. ಹೈಡ್ರೋಜನ್ ಅನಿಲ ಬರುತ್ತದೆ, ಪಾತ್ರೆ ಮುಚ್ಚಬೇಡಿ. ಗಟ್ಟಿ ಪೆರಾಕ್ಸೈಡನ್ನು ಒಣ ಪುಡಿಯ ಮೇಲಂತೂ ಯಾವತ್ತೂ ಸುರಿಯಬೇಡಿ.

ಪ್ರಶ್ನೆ (ಮೊದಲ ಸದಸ್ಯರು): ಆಮ್ಲವೇ ತುಂಬಾ ಖರ್ಚಾಗುತ್ತಿದೆ. ಹೈಡ್ರೋಕ್ಲೋರಿಕ್ ಆಗುತ್ತಾ?

ಉತ್ತರ: ಬೇಡ, ಸಲ್ಫ್ಯೂರಿಕ್ ಇರಲಿ. ಕ್ಲೋರೈಡ್ ರ‍್ಯಾಡಿಕಲ್‌ಗಳನ್ನು ಕಬಳಿಸುತ್ತದೆ. ರಿಯಾಕ್ಟಿವ್ ಡೈ ನೀರಿನಲ್ಲಿ ಅಡುಗೆ ಉಪ್ಪು ಮೊದಲೇ ತುಂಬಿರಬಹುದು, ಸೋಡಾ ಬೂದಿಯಿಂದ ಪಿಎಚ್ 10ರ ಮೇಲೂ ಇರಬಹುದು. ಆಮ್ಲದ ಖರ್ಚು ಅದರಿಂದಲೇ. ಪಿಎಚ್ 4 ದಾಟಿದರೆ ಫೆರಿಕ್ ಕೆಸರಾಗಿ ಕೂತುಬಿಡುತ್ತದೆ, ಹಾಗಾಗಿ ಆಮ್ಲದಲ್ಲಿ ಜಿಪುಣತನ ನಡೆಯುವುದಿಲ್ಲ. ಬಣ್ಣದ ತೊಟ್ಟಿಯ ಗಟ್ಟಿ ನೀರನ್ನೂ ಕೊನೆಯ ತೊಳೆತದ ನೀರನ್ನೂ ಬೇರೆ ಬೇರೆ ಹಿಡಿಯಲು ಆಗುತ್ತದಾ ನೋಡಿ. ಆಗುವುದಾದರೆ ಎರಡರ ಉಪ್ಪು, ಪಿಎಚ್, ಸಿಒಡಿ ಅಂಕಿಗಳನ್ನು ಇಲ್ಲಿ ಹಾಕಿ. ಫೆಂಟನ್ ಯಾವುದಕ್ಕೆ ಹೊಂದುತ್ತದೆ ಅಂತ ಆಗ ಹೇಳಬಹುದು.